ಟೆಂಡರ್ ಇಲ್ಲದ ತಗಡು

ಧಡ್!

ಹಿಂದಿನ ಕಪ್ಪು ಗಾಡಿ ಮತ್ತೆ ಗುದ್ದಿತು. ಸೇತುವೆಯ ಕಂಬಿ ನನ್ನ ಕಾರಿನ ಬಾಗಿಲನ್ನು ಉಜ್ಜಿಕೊಂಡು ಹೋಯಿತು. ಕೆಳಗೆ ಪೊಟೋಮ್ಯಾಕ್ ನದಿ...

"ಗಸ್! ನನ್ನ ಸಾಯಿಸ್ತೀಯೇನಪ್ಪಾ?" ಪಕ್ಕದಲ್ಲಿದ್ದ ಲೊರೇನ್ ಟಿಬ್ಸ್ ಕಿರುಚಿದರು.

"ಸಾಯಿಸೋರು ಹಿಂದಿದ್ದಾರೆ ಮೇಡಂ. ಗಟ್ಟಿಯಾಗಿ ಹಿಡ್ಕೊಳ್ಳಿ!"

ಎರಡು ಲಾರಿಗಳ ನಡುವೆ ನುಗ್ಗಿಸಿದೆ. ಕಪ್ಪು ಗಾಡಿ ಹಿಂದೆ ಉಳಿಯಿತು.

ನಾನು ಗಸ್ ಮೆರಿಕ್. ಸಂಸತ್ ಸಮಿತಿಯಲ್ಲಿ ವಿರೋಧ ಪಕ್ಷದ ತನಿಖೆಗಾರ. ಅದಕ್ಕೂ ಮುಂಚೆ ಇರಾಕ್‌ನಲ್ಲಿ ಸಾರ್ಜೆಂಟ್. ಲೊರೇನ್ ಸೇನೆಯ ಖರೀದಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಸೈನ್ಯದ ಲಾರಿಗಳ ಬಾಗಿಲಿಗೆ ಹಾಕುವ ಉಕ್ಕಿನ ತಗಡು... ಟೆಂಡರನ್ನೇ ಕರೆಯದೆ ಮೇಲಿನವರು ಅದರ ಗುತ್ತಿಗೆಯನ್ನು ಒಂದು ಕಂಪನಿಗೆ ಕೊಟ್ಟಿದ್ದರು. ಪರೀಕ್ಷೆಯನ್ನು ಯುದ್ಧಭೂಮಿಯಲ್ಲೇ ಮಾಡಿಕೊಳ್ಳಲಿ ಎಂದಿದ್ದರು. ಅಲ್ಲೂ ಯಾರೂ ಮಾಡಲಿಲ್ಲ ಎಂದು ಸಾಕ್ಷಿ ಹೇಳಲು ಲೊರೇನ್ ಹೊರಟಿದ್ದರು.

ಕನ್ನಡಿ ನೋಡಿದೆ.

ಹಿಂದಿನ ಸೀಟಿನಲ್ಲಿ ಕ್ಲೈಡ್ ಪೆಟ್ರಿ ಕೂತಿದ್ದ. ಹತ್ತೊಂಬತ್ತು ವರ್ಷದ ಲಾರಿ ಡ್ರೈವರ್. ಸತ್ತು ಮೂರು ವರ್ಷ. ಗುಂಡು ಆ ತಗಡನ್ನು ತೂರಿಕೊಂಡು ಅವನ ಪಕ್ಕೆಗೆ ನುಗ್ಗಿತ್ತು.

"ಬೇಗ ಸಹಿ ಹಾಕಿ ಸಾರ್ಜೆಂಟ್... ಹೊತ್ತಾಯ್ತು," ಎಂದ.

ದಿನಾ ಅಷ್ಟೇ ಹೇಳುತ್ತಾನೆ. ದಿನಾ ನನಗೆ ಭಯವಾಗುತ್ತದೆ.

ಸಭಾಂಗಣದ ಬಾಗಿಲಲ್ಲಿ ಕಂಪನಿಯ ವಕೀಲ ಸ್ಟ್ರೌಡ್ ನನ್ನ ತೋಳು ಹಿಡಿದ.

"ಗಾಡಿ ನಜ್ಜುಗುಜ್ಜಾಯ್ತಂತೆ?"

"ಕೈ ತೆಗಿ!"

ಅವನು ಒಂದು ಹಾಳೆ ತೋರಿಸಿದ. ಇರಾಕ್‌ಗೆ ತಗಡು ಬಂದ ದಿನದ ರಸೀದಿ. 'ಪರೀಕ್ಷಿಸಲಾಗಿದೆ' ಎಂಬ ಖಾನೆಯಲ್ಲಿ ಗುರುತು. ಕೆಳಗೆ ಗೀಚಿದ ಸಹಿ.

ನನ್ನದು!

"ಯಾರ ಸಹಿ ಅಂತ ಒಳಗಿರೋರಿಗೆ ಗೊತ್ತಿಲ್ಲ. ಬಾಯಿ ಮುಚ್ಕೊಂಡಿರು. ಬಾಯಿ ಬಿಟ್ಯೋ... ಸುಳ್ಳು ದಾಖಲೆ ಬರೆದೋನು ನೀನು. ಜೈಲೂಟ!"

ಅಂದು ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಇದ್ದಬದ್ದ ಖಾನೆಗಳಿಗೆಲ್ಲ ಸರಸರನೆ ಗುರುತು... ಸಹಿ... ಹೊರಡು!

ಒಳಗೆ ಲೊರೇನ್ ಸಾಕ್ಷಿ ಹೇಳಿದ್ದೇ ತಡ, ಜಟಾಪಟಿ. ಸದಸ್ಯರಿಗೆ ತಲಾ ಐದು ನಿಮಿಷ.

"ಶತ್ರು ಗುಂಡು ಹಾರಿಸ್ತಿರುವಾಗ ಟೆಂಡರ್ ಕರೀತಾ ಕೂತ್ಕೋಬೇಕಿತ್ತಾ?" ಆಡಳಿತ ಪಕ್ಷದವನೊಬ್ಬ ಗುಡುಗಿದ.

"ಅವಸರ ಸೈನಿಕರಿಗಿತ್ತೋ, ನಿಮ್ಮ ದೋಸ್ತರಿಗಿತ್ತೋ?" ನಮ್ಮ ಕಡೆಯ ಸದಸ್ಯೆ ಮೇಜು ಕುಟ್ಟಿದಳು.

ಅವನು ಸ್ಟ್ರೌಡ್ ಕೊಟ್ಟ ರಸೀದಿ ಎತ್ತಿ ಹಿಡಿದ. "ನೋಡಿ! ಸೇನೆಯೇ ಪರೀಕ್ಷೆ ಮಾಡಿದೆ. ಈಯಮ್ಮ ಪ್ರಮಾಣ ಮಾಡಿ ಸುಳ್ಳು ಹೇಳ್ತಿದ್ದಾರೆ. ಕೇಸು ಹಾಕಿ!"

ಲೊರೇನ್ ಬಿಳಿಚಿಕೊಂಡರು. ನನ್ನತ್ತ ನೋಡಿದರು. ಅವರನ್ನು ಒಪ್ಪಿಸಿ ಕರೆತಂದವನು ನಾನೇ.

ಪ್ರೇಕ್ಷಕರ ಸಾಲಿನಲ್ಲಿ ಕ್ಲೈಡ್ ಕೂತಿದ್ದ. ಈ ಸಲ ಅವಸರ ಮಾಡಲಿಲ್ಲ; ಕಾಯುತ್ತಿದ್ದ.

ಸದಸ್ಯರ ಬೆನ್ನ ಹಿಂದೆ ಕೂರುವ ನಮ್ಮಂಥವರು ಅಲ್ಲಿ ಉಸಿರೆತ್ತುವಂತಿಲ್ಲ. ಚೀಟಿ ದಾಟಿಸಬೇಕು, ಅಷ್ಟೇ.

ಎದ್ದು ನಿಂತೆ.

"ಕೂತ್ಕೋ ಮೆರಿಕ್!" ಅಧ್ಯಕ್ಷರು ಗದರಿದರು.

"ಕೂತ್ಕೋತೀನಿ ಸರ್... ಸಾಕ್ಷಿ ಕುರ್ಚಿಯಲ್ಲಿ."

ಗದ್ದಲವೋ ಗದ್ದಲ! ನಮ್ಮ ಸದಸ್ಯೆ ಹಟ ಹಿಡಿದಳು. ಕೊನೆಗೆ ನನ್ನಿಂದಲೂ ಪ್ರಮಾಣ ಮಾಡಿಸಿದರು.

"ಪರೀಕ್ಷೆ ಮಾಡಿಲ್ಲ ಅನ್ನೋಕೆ ನಿನ್ನ ಹತ್ರ ಏನಯ್ಯಾ ಆಧಾರ?" ರಸೀದಿ ಹಿಡಿದವನು ಗೇಲಿ ಮಾಡಿದ.

"ಮಾಡದೆ ಸಹಿ ಹಾಕಿದ ಮಹಾಶಯ ನಾನೇ ಸ್ವಾಮಿ. ನನಗಿಂತ ಒಳ್ಳೇ ಸಾಕ್ಷಿ ಬೇಕಾ?"