ಬೋಳಾದ ಬೇಲಿ

“ಕಾಯಿ ಮುಟ್ಟಬೇಡ್ರೋ! ಸಿಡಿದ್ರೆ ಬೀಜ ಎಲ್ಲ ಹೊಳೆಗೆ!” ದಂಡೆಯ ಮೇಲಿಂದ ಟೀಚರ್ ಕೂಗಿದರು.

ಆಗಲೇ ಟಪ್ ಎಂದಿತು. ಕಾಯುಸ್ ಹಲ್ಲು ಕಿರಿದ. “ಸಾರಿ ಟೀಚರ್, ಅದಾಗೇ ಸಿಡೀತು!”

“ಹೂಂ, ನಿನ್ನ ಕೈ ಸುಮ್ನೆ ಅಲ್ಲಿತ್ತು! ಹಿಮಾಲಯದಿಂದ ಬಂದ ಗಿಡ ಕಣ್ರೋ ಇದು. ನಮ್ಮ ಲಿಥುವೇನಿಯಾದಲ್ಲಿ ಹೊಳೆದಂಡೆನೆಲ್ಲ ನುಂಗ್ತಿದೆ. ಕೀಳಿ, ಕೀಳಿ!”

ರುಗಿಲೆ ಮಾತ್ರ ಕೈಯಲ್ಲಿದ್ದ ಗುಲಾಬಿ ಬಣ್ಣದ ಹೂವನ್ನೇ ನೋಡುತ್ತ ನಿಂತಿದ್ದಳು.

“ಏಯ್, ಇದು ನಿಮ್ಮಜ್ಜಿ ಬೇಲಿ ಹೂ ಅಲ್ವೇನೇ?” ಕಾಯುಸ್ ಕೇಳಿದ.

“ಅಲ್ಲಪ್ಪ! ನಮ್ದು ಬೇರೆ ಜಾತಿ!” ಎಂದಳು. ಕಿವಿ ಬಿಸಿಯಾಯಿತು.

ಬೇರೆಯೂ ಇಲ್ಲ, ಗೀರೆಯೂ ಇಲ್ಲ. ಅದೇ ಹೂವು. ನಾಳೆ ಭಾನುವಾರ ಊರಿನ ಚೆಂದದ ಅಂಗಳದ ಸ್ಪರ್ಧೆ. ಗೆದ್ದವರ ಗೇಟಿಗೆ ಫಲಕ ಹೊಡೆಯುತ್ತಾರೆ. ಪ್ರತಿ ವರ್ಷ ಅದು ಎದುರುಮನೆಯ ಬಿರುತೆ ಪಾಲಿಗೇ. ಈ ಸಲ ತನಗೇ ಬೇಕೆಂದು ಅಜ್ಜಿಯ ಹಟ. ನಂಬಿಕೆಯೆಲ್ಲ ಆಳೆತ್ತರದ ಆ ಹೂಬೇಲಿಯ ಮೇಲೆ. ‘ಕದ್ದು ತಂದ ಗಿಡ ಚೆನ್ನಾಗಿ ಬರುತ್ತೆ’ ಎಂದು ಪಕ್ಕದೂರಿನಿಂದ ಬೀಜ ಕದ್ದವಳೂ ಅಜ್ಜಿಯೇ. ಬಂದದ್ದೇನೋ ಬಂತು, ಚರಂಡಿ ಹಿಡಿದು ಹೊಳೆಗೂ ಇಳಿಯಿತು!

ಸಂಜೆ ರುಗಿಲೆ ಆಲೂಗಡ್ಡೆ ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿದಳು. ಅಜ್ಜಿಗೆ ಎಲ್ಲ ಹೇಳಿಯೇಬಿಟ್ಟಳು.

“ಏನಂದೆ? ನನ್ನ ಹೂ ಕಳೆಯಾ? ನಿಮ್ಮ ಟೀಚರ್‌ಗೆ ತಲೆ ನೆಟ್ಟಗಿದೆಯಾ?”

“ಹೊಳೆ ಹತ್ರ ಬಂದು ನೋಡಜ್ಜಿ.”

ಅಜ್ಜಿ ಬಂದಳು. ಮನೆಯ ಚರಂಡಿ ಹೊಳೆ ಸೇರುವಲ್ಲಿ ನಿಂತಳು. ಅಲ್ಲಿಂದ ಕೆಳಗೆ, ಮಕ್ಕಳು ಇನ್ನೂ ಕೀಳದ ದಂಡೆಯ ತುಂಬ ಅದೇ ಹೂವು. ಅವಳು ಪುದೀನ ಕೀಳುತ್ತಿದ್ದ ಜಾಗ ಮುಚ್ಚಿಹೋಗಿತ್ತು. “ಅಯ್ಯೋ ದೇವರೇ,” ಎಂದಳು ಅಜ್ಜಿ.

ಮನೆಗೆ ಬಂದವರೇ ಮೊದಲು ಕಾಯಿಗಳಿಗೆ ಚೀಲ ಮುಚ್ಚಿ ಕತ್ತರಿಸಿದರು. ಆಮೇಲೆ ಬೇಲಿಯುದ್ದಕ್ಕೂ ಗಿಡಗಳನ್ನು ಬುಡಸಮೇತ ಕಿತ್ತರು.

ಭಾನುವಾರ ತೀರ್ಪುಗಾರರ ಹಿಂದೆ ಬೀದಿಗೆ ಬೀದಿಯೇ ಬಂತು, ಕಾಯುಸ್ ಕೂಡ. ಬೇಲಿಯ ಬುಡದಲ್ಲಿ ಬರೀ ಮಣ್ಣು. ಬಿರುತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಇಲ್ಲೇನಿತ್ತಮ್ಮ?” ತೀರ್ಪುಗಾರರೊಬ್ಬರು ಕೇಳಿದರು.

ರುಗಿಲೆ ತಲೆ ತಗ್ಗಿಸಿದಳು. ಹಸು ತಿಂತು ಅನ್ನಲಿ, ಗಾಳಿಗೆ ಬಿತ್ತು ಅನ್ನಲಿ, ಅಜ್ಜಿ ಏನಾದರೊಂದು ಹೇಳಿಬಿಡಲಿ ಎಂದುಕೊಂಡಳು.

“ಕಳೆ ಇತ್ತು,” ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. “ನಾನೇ ತಂದು ಹಾಕಿದ್ದು. ಹೊಳೆ ಕೆಡಿಸಿದ್ದೂ ನಾನೇ. ಮೊಮ್ಮಗಳು ಹೇಳಿದ್ಲು, ಕಿತ್ತುಹಾಕಿದ್ವಿ. ಬನ್ನಿ, ಟೀ ಕುಡೀರಿ.”

ಯಾರೂ ನಗಲಿಲ್ಲ. ಬಿರುತೆಯ ಕೈಯೂ ಕೆಳಗಿಳಿಯಿತು. ಫಲಕ ಮಾತ್ರ ಮತ್ತೆ ಎದುರುಮನೆಗೇ ಹೋಯಿತು.

ಅಜ್ಜಿ ಬಿಸ್ಕತ್ತಿನ ತಟ್ಟೆ ಹಿಡಿದು ಎಂದಿನಂತೆ ಓಡಾಡುತ್ತಿದ್ದಳು. ರುಗಿಲೆ ಅವಳನ್ನೇ ನೋಡಿದಳು. ಆಮೇಲೆ ಕಾಯುಸ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ಲೋ, ನಿನ್ನೆ ಸುಳ್ಳು ಹೇಳಿದೆ ಕಣೋ. ನಮ್ದೂ ಅದೇ ಹೂವು.”

“ನಂಗೊತ್ತಿತ್ತು ಬಿಡೇ,” ಎಂದ ಕಾಯುಸ್, ಬಿಸ್ಕತ್ತು ಅಗಿಯುತ್ತ.