ನಲವತ್ತೈದು ಡಿಗ್ರಿಯ ನಂಬಿಕೆ

"ಇದು ನಿಮ್ಮ ಸಹಿ ತಾನೇ?"

ಅವಳು ಅಭ್ಯಾಸದ ಹಾಳೆಯನ್ನು ಅವನ ಟೇಬಲ್ಲಿನ ಮೇಲಿಟ್ಟಳು. ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದರು.

"ಹೌದು, ನಂದೇ."

"ನೋಡಿ ಹಾಕಿದ್ದಾ?"

"ನೋಡಿದ್ದೆ ಮೇಡಂ... ಸರಿಯಾಗೇ ಬಂದಿತ್ತು."

ಸರಿಯಾಗೇ ಬಂದಿತ್ತಂತೆ! ಎದುರಿಗೆ ನಿಂತು ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನಲ್ಲ ಈ ಮನುಷ್ಯ...

ಆ ಕೋಚಿಂಗ್ ಸೆಂಟರಿನಲ್ಲಿ ಒಂದು ಪದ್ಧತಿ. ಒಬ್ಬ ಮೇಷ್ಟ್ರು ಬರೆದ ಉತ್ತರವನ್ನು ಇನ್ನೊಬ್ಬರು ನೋಡಿ ಸಹಿ ಹಾಕಿದ ಮೇಲೇ ಅದು ಅಚ್ಚಿಗೆ ಹೋಗಬೇಕು. ಗಣಿತಕ್ಕೆ ಇದ್ದವರು ಇವರಿಬ್ಬರೇ. ಅವಳ ಹಾಳೆ ಅವನಿಗೆ, ಅವನದು ಅವಳಿಗೆ. ಹಾಳೆಗಳು ಆಚೀಚೆ ಓಡಾಡುತ್ತಲೇ ಮನಸ್ಸೂ ಓಡಾಡಿತ್ತು ಅನ್ನಿ. ಈ ಭಾನುವಾರ ಅವನು ಅವಳ ಮನೆಗೆ ಬಂದು ಅಕ್ಕ, ಭಾವನ ಹತ್ತಿರ ಮದುವೆ ಮಾತಾಡುವುದಿತ್ತು.

ಅಷ್ಟರಲ್ಲಿ ಈ ಎಡವಟ್ಟು. ತ್ರಿಕೋನಮಿತಿಯಲ್ಲಿ ಸೈನ್‌ನ ನಾಲ್ಕನೇ ಘಾತದಿಂದ ಕಾಸ್‌ನ ನಾಲ್ಕನೇ ಘಾತ ಕಳೆದು ಸುಲಭ ರೂಪಕ್ಕೆ ತರುವ ಲೆಕ್ಕ. ಅವಳು ಚೆನ್ನಾಗಿಯೇ ಎರಡು ಆವರಣಗಳಾಗಿ ಅಪವರ್ತಿಸಿದ್ದಳು. ಸೈನ್ ವರ್ಗ, ಕಾಸ್ ವರ್ಗ ಕೂಡಿದರೆ ಒಂದು. ಆ ಆವರಣ ಹೋಯಿತು. ಉಳಿದದ್ದು ಸೈನ್ ವರ್ಗದಿಂದ ಕಾಸ್ ವರ್ಗ ಕಳೆದದ್ದು. ಕೊನೆಯ ಸಾಲಿನಲ್ಲಿ ಅವಳ ಪೆನ್ನು ಅದನ್ನೇ ತಿರುಗುಮುರುಗಾಗಿ ಬರೆದುಬಿಟ್ಟಿತ್ತು.

ಮಕ್ಕಳು ಅದನ್ನೇ ಉರುಹೊಡೆದರು. ಪೋಷಕರು ಗಲಾಟೆ ಮಾಡಿದರು. ತಪ್ಪು ಬರೆದವರದು, ನೋಡಿದವರದಲ್ಲ ಎಂದು ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದರು. ಇದ್ದ ಒಂದೇ ಕಾಯಂ ಹುದ್ದೆಗೆ ಇವರಿಬ್ಬರೂ ಅರ್ಜಿ ಹಾಕಿದ್ದರು. ಇನ್ನು ಅದು ಅವನಿಗೇ ಎಂದೂ ಹೇಳಿ ಕಳಿಸಿದ್ದರು.

"ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ರಿ," ಎಂದಳು. "ಭಾನುವಾರ ನಮ್ಮನೆ ಕಡೆ ಬರ್ಬೇಡಿ."

ಅವನು ಬಾಯಿ ತೆರೆದ. ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಅಕ್ಕ ಕೇಳಿದ್ದಕ್ಕೆ ತಲೆನೋವು ಎಂದಳು. ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಹುದ್ದೆ ಹಾಳಾಗಿ ಹೋಗಲಿ, ಇನ್ನೊಂದು ಸಿಗುತ್ತದೆ. ಆದರೆ ಬೆನ್ನಿಗೆ ಚೂರಿ ಹಾಕಿದವನು ಅವನೇ ಆಗಬೇಕಿತ್ತೇ? ಅವನ ಸಹಿ ಇದೆ ಎಂದರೆ ಅವಳು ಮತ್ತೆ ತಿರುಗಿಯೂ ನೋಡುತ್ತಿರಲಿಲ್ಲವಲ್ಲ...

ಮರುದಿನ ಬೆಳಿಗ್ಗೆ ತರಗತಿಯಲ್ಲಿ ತಪ್ಪು ತಿದ್ದುವ ಶಿಕ್ಷೆ. ಇದು ಯಾಕೆ ತಪ್ಪು ಎಂದು ತೋರಿಸಲು ಅವಳು ಬೋರ್ಡಿನ ಮೇಲೆ ಎಂದಿನಂತೆ ನಲವತ್ತೈದು ಡಿಗ್ರಿ ಹಾಕಿದಳು. ಲೆಕ್ಕಕ್ಕೆ ಸೊನ್ನೆ ಬಂತು. ತನ್ನ ತಪ್ಪು ಉತ್ತರಕ್ಕೆ ಹಾಕಿದಳು.

ಅದಕ್ಕೂ ಸೊನ್ನೆ!

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ನಲವತ್ತೈದರಲ್ಲಿ ಸೈನ್, ಕಾಸ್ ಎರಡೂ ಸಮ. ಯಾವುದರಿಂದ ಯಾವುದನ್ನು ಕಳೆದರೂ ಸೊನ್ನೆಯೇ. ಮೂವತ್ತು ಹಾಕಿದಳು. ಒಂದು ಕಡೆ ಮೈನಸ್ ಅರ್ಧ, ಇನ್ನೊಂದು ಕಡೆ ಬರೀ ಅರ್ಧ. ಆಗ ಬಿಚ್ಚಿಕೊಂಡಿತು ಸಿಕ್ಕು.

ಅವಳು ಕೆಲಸಕ್ಕೆ ಸೇರಿದ ದಿನ ಅವನು ಕೇಳಿದ್ದ, ಉತ್ತರ ತಾಳೆ ನೋಡಲು ನೀವು ಯಾವ ಕೋನ ಹಾಕುತ್ತೀರಿ ಎಂದು. ನಲವತ್ತೈದು, ಅಲ್ಲಿ ಯಾರಿಗೂ ಅನ್ಯಾಯ ಇಲ್ಲ ಎಂದಿದ್ದಳು. ಅವನು ನಕ್ಕು, ಇನ್ಮೇಲೆ ನಂದೂ ಅದೇ ಎಂದಿದ್ದ.

ಪಾಠ ಮುಗಿದದ್ದೇ ಸ್ಟಾಫ್ ರೂಮಿಗೆ ಹೋದಳು.

"ನಲವತ್ತೈದು ಹಾಕಿ ನೋಡಿದ್ರಾ?"

"ಹೂಂ."

"ಬೇರೆ?"

"ಇಲ್ಲ." ಅವನು ತಲೆ ಎತ್ತಲಿಲ್ಲ. "ನೆನ್ನೆ ಮನೆಗೆ ಹೋಗಿ ಬಿಡಿಸಿದ ಮೇಲೇ ಗೊತ್ತಾಗಿದ್ದು. ಲೆಕ್ಕ ನಾನು ಬಿಡಿಸ್ಲೇ ಇಲ್ಲ. ನಿಮ್ಮ ಅಕ್ಷರ ಕಂಡ್ರೆ ಸಾಕು, ಸರಿ ಇರುತ್ತೆ ಅಂತ..."

ಬೆಳಿಗ್ಗೆಯೇ ಪ್ರಿನ್ಸಿಪಾಲರಿಗೆ ಹಾಗೇ ಹೇಳಿ ಬಂದಿದ್ದನಂತೆ. ಈ ವರ್ಷ ಹುದ್ದೆ ಇಬ್ಬರಿಗೂ ಇಲ್ಲವಂತೆ.

ಅವಳ ಕಣ್ಣು ತುಂಬಿತು. ಸಿಟ್ಟು ಇಳಿಯಲಿಲ್ಲ. "ನೋಡಿದೀನಿ ಅಂತ ಸಹಿ ಹಾಕಿ ನೋಡ್ದೇ ಇದ್ರಲ್ಲ, ಅದೂ ಮೋಸಾನೇ ಸರ್. ನಾನು ಕಣ್ಮುಚ್ಚಿ ನಂಬಿದ್ದೆ."

"ನಾನೂ ಅದೇ ತಪ್ಪು ಮಾಡಿದ್ದು."

ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ವಾರದ ಹಾಳೆಯನ್ನು ಅವನತ್ತ ಸರಿಸಿದಳು.

"ಇನ್ಮೇಲೆ ಒಂದೇ ಕೋನದಲ್ಲಿ ನೋಡಿ ಒಪ್ಕೋಬೇಡಿ. ಲೆಕ್ಕಾನೂ... ನನ್ನನ್ನೂ."

"ನಗುವಾಗ ನೋಡಿದೀನಿ. ನೆನ್ನೆಯಿಂದ ಸಿಟ್ಟಲ್ಲೂ ನೋಡಿದೆ," ಎಂದ ಅವನು, ಮೆಲ್ಲಗೆ. "ಎರಡಕ್ಕೂ ನನಗೆ ಬಂದ ಉತ್ತರ ಒಂದೇ."

ಅವಳು ಹಾಳೆಯನ್ನು ಇನ್ನಷ್ಟು ಅವನತ್ತ ತಳ್ಳಿದಳು.

"ಮೊದಲು ಇದನ್ನ ಪೂರ್ತಿ ಬಿಡಿಸಿ ತನ್ನಿ."

"ಯಾವಾಗ ತರ್ಲಿ?"

"ಭಾನುವಾರ," ಎಂದಳು. "ಮನೆಗೆ."