ಕಡಲೆ ಸೊಪ್ಪಿನ ಹುಳಿ

"ಏ ಬಸವಲಿಂಗವ್ವಾ! ಉಡಿ ತುಂಬಿಸ್ಕೊಂಡು ಎಲ್ಲಿಗೆ ಹೊಂಟೀ ಬೇ?"

ಎಸ್.ಟಿ.ಡಿ. ಬೂತಿನ ಕಟ್ಟೆಯ ಮೇಲಿಂದ ಅಜಿತ ಕೂಗಿದ. ಧಾರವಾಡದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಜಿತನ ಜೊತೆ ಕಟ್ಟೆಯ ಮೇಲಿದ್ದ, ಬಸವಲಿಂಗನದೇ ಐದನೇ ಕ್ಲಾಸಿನ ಹುಡುಗರು ಹೋ ಎಂದು ನಕ್ಕರು.

ಬಸವಲಿಂಗ ಅಪ್ಪನ ಟವೆಲ್ಲನ್ನು ಸೊಂಟಕ್ಕೆ ಉಡಿಯಂತೆ ಕಟ್ಟಿಕೊಂಡು ಹೊಲದಿಂದ ಕಡಲೆ ಸೊಪ್ಪು ಚಿವುಟಿ ತರುತ್ತಿದ್ದ. ದೊಡವಾಡದಲ್ಲಿ ಅದು ಹೆಂಗಸರ ಕೆಲಸ. ಆದರೆ ಅವ್ವ ಚಿಕ್ಕಮ್ಮನ ಬಾಣಂತನಕ್ಕೆ ಹೂಲಿಗೆ ಹೋಗಿದ್ದಳು. ಇತ್ತ ಅವನ ಆಯಿ, ಅಪ್ಪನ ತಾಯಿ ಬಾಯವ್ವ, ಜ್ವರ ಬಂದು ಮಲಗಿದ್ದಳು. ಜ್ವರ ಬಿಟ್ಟರೂ ಮೂರು ದಿನದಿಂದ ಗಂಜಿ ಕೂಡ ಸೇರುತ್ತಿರಲಿಲ್ಲ.

"ಬಾಯಿ ಸಪ್ಪಗಾಗೇತಿ. ಕಡ್ಲಿ ಪಲ್ಯಾ ಇದ್ರ ಒಂದ್ ರೊಟ್ಟಿ ತಿಂತಿದ್ನಿ" ಎಂದು ಸೊಪ್ಪಿನ ಆಸೆ ಹೇಳಿಕೊಂಡಿದ್ದಳು.

"ನಾಳೀಗೂ ಉಣಲಿಲ್ಲಂದ್ರ ಬೈಲಹೊಂಗಲ ದವಾಖಾನಿಗೆ ಒಯ್ದು ಗ್ಲೂಕೋಸ್ ಹಚ್ಚಸೋದ" ಎಂದು ಅಪ್ಪ ಹೇಳಿದ್ದ. ಆಯಿಗೆ ಸೂಜಿಯೆಂದರೆ ಪ್ರಾಣಭಯ.

ಅದೆಲ್ಲ ಅಜಿತನಿಗೇನು ಗೊತ್ತು?

"ಬಾಯಿ ಮುಚ್ಚಲೇ!" ಎಂದವನೇ ಬಸವಲಿಂಗ ಅವನ ಅಂಗಿ ಹಿಡಿದೆಳೆದ. ಇಬ್ಬರೂ ಉರುಳಿದರು. ಟವೆಲ್ಲಿನ ಗಂಟು ಬಿಚ್ಚಿ ಸೊಪ್ಪೆಲ್ಲ ಧೂಳಿನಲ್ಲಿ ಚೆಲ್ಲಿತು.

"ಏ ಹುಚ್ಚಪ್ಯಾಲಿಗೋಳ್ರಾ, ಬಸ್ಸಿನ ಬುಡಕ ಬೀಳ್ತೀರಿ!" ಎಂದು ಆಗಷ್ಟೇ ಬಂದು ನಿಂತ ಬಸ್ಸಿನಿಂದಿಳಿದ ಕಂಡಕ್ಟರ್ ಇಬ್ಬರನ್ನೂ ಬಿಡಿಸಿದ. ಬಸವಲಿಂಗನ ಮೊಣಕಾಲು ತರಚಿತ್ತು. ಅಂಗಿಯ ಗುಂಡಿ ಕಿತ್ತುಹೋಗಿತ್ತು.

ಸೊಪ್ಪು ಬಳಿದುಕೊಂಡು ಬಂದು ಹಿತ್ತಲಲ್ಲಿ ತೊಳೆದ. ಒಂದಲ್ಲ, ಮೂರು ಸಲ. ಆಮೇಲೆ ಆಯಿ ಮಲಗಿದಲ್ಲಿಂದಲೇ ಹೇಳಿದಂತೆ ಹೆಚ್ಚಿದ, ಜೋಳದ ನುಚ್ಚು ಹಾಕಿ ಕುದಿಸಿದ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟ. ಘಮಘಮ ಎಂದಿತು. ಪಕ್ಕದ ಮನೆಯ ಮಾಯವ್ವ ಬಿಸಿ ರೊಟ್ಟಿ ತಂದಿಟ್ಟಳು.

ಆಯಿ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು.

"ತೊಳದಿಯೇನೋ ಇದನ್ನ?"

"ಹೂಂ ಆಯಿ. ಮೂರ್ ಸಲ!"

"ಅಯ್ಯ ನನ್ನಪ್ಪಾ, ಕಡ್ಲಿ ಪಲ್ಯಾ ಯಾರರ ತೊಳಿತಾರೇನು? ಎಲಿ ಮ್ಯಾಲ ಹುಳಿ ಕುಂತಿರ್ತೈತಿ. ನೀರು ಬಿತ್ತಂದ್ರ ಹೋತು. ಈಗ ಇದು ಬರೇ ಹುಲ್ಲು."

"ಮಣ್ಣಾಗ ಬಿದ್ದಿತ್ತು..."

"ಹೆಂಗ ಬಿತ್ತು?"

ಬಸವಲಿಂಗ ತಲೆ ತಗ್ಗಿಸಿದ. ಆಯಿಯ ಕಣ್ಣು ಗುಂಡಿಯಿಲ್ಲದ ಅಂಗಿಯ ಮೇಲೆ ಓಡಾಡಿತು. ತಾಟು ಸರಿಸಿ ಗೋಡೆಗೆ ಮುಖ ಮಾಡಿದಳು.

ಮರುದಿನ ಸಂಡೇ. ಅಪ್ಪ ದವಾಖಾನೆಗೆ ಹೋಗಲು ಚೀಲ ತುಂಬುವಷ್ಟರಲ್ಲಿ ಬಸವಲಿಂಗ ಹೊಲದಲ್ಲಿದ್ದ. ಕಡಲೆ ಸಾಲಿನಲ್ಲಿ ಕಾಲಿಟ್ಟಿದ್ದೇ ತಡ, ಎಲೆ ತಾಗಿ ತರಚಿದ ಮೊಣಕಾಲು ಚುರ್ ಎಂದಿತು.

"ಹಾಯ್!" ಎಂದು ಕುಣಿದ. ಕುಣಿಯುತ್ತಲೇ ನಗು ಬಂತು. ಹುಳಿ ಇದೆ, ಜೋರಾಗಿಯೇ ಇದೆ! ಎಳೆ ಕುಡಿಗಳನ್ನಷ್ಟೇ ಚಿವುಟಿ ಚಿವುಟಿ ಉಡಿಗೆ ಹಾಕಿಕೊಂಡ.

ವಾಪಸು ಬರುವಾಗ ಕಟ್ಟೆ ತುಂಬ ಜನ. ನಿನ್ನೆಯ ಹೊಡೆದಾಟದಲ್ಲಿ ತುಟಿ ಊದಿಸಿಕೊಂಡ ಅಜಿತ ನಡುವೆಯೇ ಕುಳಿತಿದ್ದ.

"ಬರ್ರಿ ಬರ್ರಿ, ಬಾಯವ್ವನ ಮೊಮ್ಮಗಳು ಬಂದ್ಳು! ಇವತ್ತೇನ್ ಅಡಗಿ ಬೇ, ತಂಗೀ?"

ಈ ಸಲ ದೊಡ್ಡವರೂ ನಕ್ಕರು. ಬಸವಲಿಂಗನ ಕಿವಿ ಕಾದ ಹಂಚಾಯಿತು. ನಾಲಿಗೆಯ ತುದಿಯಲ್ಲಿ ಬೈಗುಳ ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಖಾರ. ಕೈಯೂ ತುರಿಸುತ್ತಿತ್ತು. ಆದರೆ ಎರಡೂ ಕೈ ಉಡಿಯನ್ನು ಹಿಡಿದಿದ್ದವು.

ಅವನು ಕೆಳಗೆ ನೋಡಿದ. ಸೊಪ್ಪಿನ ಮೇಲೆ ಹುಳಿ ಸಣ್ಣಗೆ ಮಿನುಗುತ್ತಿತ್ತು. ಒಂದು ಕಣ ಧೂಳಿರಲಿಲ್ಲ.

"ಯಾಕ, ಮೂಕಿ ಆದೇನು?" ಅಜಿತ ಮತ್ತೆ ಕೂಗಿದ.

ಮಾಯವ್ವ ಈಗ ರೊಟ್ಟಿಗೆ ಒಲೆಯ ಮೇಲೆ ಹಂಚು ಇಟ್ಟಿರುತ್ತಾಳೆ. ಬಸವಲಿಂಗ ಉಡಿಯನ್ನು ಎದೆಗವಚಿಕೊಂಡು, ಕಟ್ಟೆಯ ಮುಂದಿನಿಂದಲೇ ಹಾದು, ಮನೆಯ ಕಡೆ ಬಿರಬಿರನೆ ನಡೆದ.